ನೆಲಕ್ಕೆ ಮಲಗಿಸಿದ ಕೋಲು

ನನ್ನನ್ನು ಕೆಲಸದಿಂದ ತೆಗೆದ ಕಾಗದ ಇಂಗ್ಲಿಷಿನಲ್ಲಿದೆ. ಕಂಪೆನಿಯಲ್ಲಿ ನಕ್ಷೆ ಬರೆಯುವ ಯೂಜಿನ್ ಅದನ್ನು ಓದಿ ಹೇಳಿದ. ಅಳತೆ ನಡೆಯುತ್ತಿರುವಾಗ ಕೋಲನ್ನು ನೆಲದ ಮೇಲೆ ಮಲಗಿಸಿದ್ದು, ಅದೂ ಸರ್ವೇಯರ್ ಅಪ್ಪಣೆಯಿಲ್ಲದೆ. ಕಾರಣ ಅಷ್ಟೇ. ಹದಿಮೂರು ವರ್ಷ ಆ ಕೋಲನ್ನು ನೆಟ್ಟಗೆ ನಿಲ್ಲಿಸಿದ್ದನ್ನು ಯಾರೂ ಯಾವ ಕಾಗದದಲ್ಲೂ ಬರೆಯಲಿಲ್ಲ. ಒಂದು ದಿನ ಮಲಗಿಸಿದ್ದನ್ನು ಬರೆದು, ಸಹಿ ಹಾಕಿ, ಸೀಲು ಹೊಡೆದರು.

ಕೋಲು ಎಂದರೆ ಅಳತೆಯ ಕೋಲು. ನಾಲ್ಕು ಮೀಟರ್ ಉದ್ದ. ಮೈತುಂಬ ಕೆಂಪು, ಕಪ್ಪು ಗೆರೆ. ಸರ್ವೇಯರ್ ದೂರದಲ್ಲಿ ಮೂರು ಕಾಲಿನ ಯಂತ್ರದ ಹಿಂದೆ ನಿಂತು ದುರ್ಬೀನಿನಲ್ಲಿ ಆ ಗೆರೆಗಳನ್ನು ಓದುತ್ತಾನೆ. ಓದಿದ್ದನ್ನು ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ನೆಲ ಎಲ್ಲಿ ಎಷ್ಟು ಎತ್ತರ, ಎಲ್ಲಿ ಎಷ್ಟು ತಗ್ಗು ಎಂಬುದು ಹೀಗೆ ಗೊತ್ತಾಗುತ್ತದೆ. ಕೋಲು ಒಂದು ಬೆರಳು ಓರೆಯಾದರೂ ಓದಿದ್ದು ತಪ್ಪು. ಆದ್ದರಿಂದ ಗಾಳಿ ಬೀಸಲಿ, ಮರಳು ಕಣ್ಣಿಗೆ ನುಗ್ಗಲಿ, ಬೆವರು ಬೆನ್ನಿನಲ್ಲಿ ಇಳಿದು ಚಡ್ಡಿ ಒದ್ದೆಯಾಗಲಿ, ಕೋಲು ಹಿಡಿದವನು ಅಲುಗಬಾರದು. ತುರಿಸಿಕೊಳ್ಳಬಾರದು. ಕೆಮ್ಮಬಾರದು. ಸರ್ವೇಯರ್ ಸಿಗರೇಟು ಹಚ್ಚಿಕೊಂಡರೆ ಅದು ಮುಗಿಯುವ ತನಕ ಹಾಗೆಯೇ ನಿಂತಿರಬೇಕು. ನನ್ನ ಎಡ ಹೆಗಲು ಈಗಲೂ ಬಲಕ್ಕಿಂತ ಕೆಳಗಿದೆ.

ನಮ್ಮ ಸರ್ವೇಯರ್ ಜಯಕರ ಸರ್. ಊರಿನಲ್ಲಿ ನಮ್ಮ ಹೊಳೆಯ ಆಚೆ ದಂಡೆಯ ಗುತ್ತಿನ ಮನೆಯವರು, ದೊಡ್ಡ ಜಮೀನ್ದಾರರು. ನನ್ನ ಅಪ್ಪ, ಅಜ್ಜ ಆ ಮನೆಯ ಗದ್ದೆಯಲ್ಲಿ ದುಡಿದವರು. ಅಂಗಳದ ಹೊರಗೆ ನಿಂತು ತೆಂಗಿನ ಗೆರಟೆಯಲ್ಲಿ ನೀರು ಕುಡಿದವರು. ಕುವೈತಿಗೆ ಬಂದರೆ ಅದೆಲ್ಲ ಸಮುದ್ರದ ಆಚೆ ಉಳಿಯುತ್ತದೆ ಎಂದು ನಾನು ತಿಳಿದಿದ್ದೆ. ನನ್ನ ದಡ್ಡತನ. ನಮ್ಮ ಪಿಕಪ್ಪಿನಲ್ಲಿ ನೀರಿನ ಒಂದು ದೊಡ್ಡ ಕ್ಯಾನು ಇತ್ತು. ಅದರ ಮುಚ್ಚಳವೇ ಲೋಟ. ಡ್ರೈವರ್ ಪುತ್ತಬ್ಬ ಅದರಲ್ಲಿ ಕುಡಿಯುತ್ತಿದ್ದ, ಜಯಕರ ಸರ್ ಕುಡಿಯುತ್ತಿದ್ದರು. ನನಗೆ ಮಾತ್ರ ಒಂದು ಪ್ಲಾಸ್ಟಿಕ್ ಗ್ಲಾಸು. ಅದರ ಜಾಗ ಟೈರು ಬಿಚ್ಚುವ ಸಾಮಾನಿನ ಪೆಟ್ಟಿಗೆಯಲ್ಲಿ. ಹದಿಮೂರು ವರ್ಷ ನಾನು ಕುಡಿದ ನೀರಿಗೆ ಗ್ರೀಸಿನ ವಾಸನೆ.

ಅವರು ನನ್ನನ್ನು ಕರೆಯುತ್ತಿದ್ದದ್ದು "ಏ ಕೋಲು" ಎಂದು. ನನ್ನ ಹೆಸರು ಸುಂದರ. ಅವರು ಬೈಯುತ್ತಿದ್ದದ್ದು ತುಳುವಿನಲ್ಲಿ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೈಗುಳ ಅರ್ಧಕ್ಕರ್ಧ ಮೆತ್ತಗಾಗಿದೆ.

ಯಂತ್ರ ಮುಟ್ಟಲು ನನಗೆ ಅಪ್ಪಣೆಯಿರಲಿಲ್ಲ. ಅದು ಹಳೆಯ ಕಾಲದ ಯಂತ್ರ. ಅದರ ದುರ್ಬೀನಿನಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದೆ ಎಂದು ಪುತ್ತಬ್ಬ ಹೇಳಿದ್ದ. ನಾನು ನೋಡಿರಲಿಲ್ಲ. ಹದಿಮೂರು ವರ್ಷ ಜಯಕರ ಸರ್ ನನ್ನನ್ನು ನೋಡಿದ್ದು ಮಾತ್ರ ಹಾಗೆಯೇ, ಕಾಲು ಮೇಲೆ, ತಲೆ ಕೆಳಗೆ.

ತೊಂಬತ್ತರ ಏಪ್ರಿಲಿನಲ್ಲಿ ಜಾಲ್ ಅಲ್ ಝೋರ್ ಕೆಲಸ ಬಂತು. ಕೊಲ್ಲಿಯ ಉತ್ತರಕ್ಕೆ ಇರುವ ಉದ್ದನೆಯ ದಿಬ್ಬ ಅದು. ನಮ್ಮ ಊರಿನ ಲೆಕ್ಕದಲ್ಲಿ ಗುಡ್ಡವೇ ಅಲ್ಲ, ಕುವೈತಿನ ಲೆಕ್ಕದಲ್ಲಿ ಪರ್ವತ. ಮಳೆ ನೀರು ಯಾವ ಕಾಲದಲ್ಲೋ ಕೊರೆದ ಕಮರಿಗಳು ಅದರ ಮೈಯಲ್ಲಿವೆ. ಅಂಥ ಒಂದು ಕಮರಿಯ ಗೋಡೆಯಲ್ಲಿ, ಅರ್ಧ ಎತ್ತರದಲ್ಲಿ, ಬಂಡೆ ಕೊರೆದು ಮಾಡಿದ ಏಳು ಕೋಣೆಗಳಿದ್ದವು. ಯಾರೋ ಬಾಳಿ ಬದುಕಿದ ಮನೆಗಳು. ಸಾವಿರಾರು ವರ್ಷದವು ಎಂದರು. ಆ ಕಮರಿಯ ಏರುತಗ್ಗು, ಕೋಣೆಗಳ ಎತ್ತರ ಎಲ್ಲ ಸೇರಿಸಿ ಒಂದು ನಕ್ಷೆ ಆಗಬೇಕಿತ್ತು. ನಮ್ಮ ಕಂಪೆನಿಯ ಇಂಗ್ಲಿಷ್ ಸಾಹೇಬ ಆ ಕೆಲಸ ಒಪ್ಪಿಕೊಂಡಿದ್ದ.

ಕೋಣೆಗಳಿಗೆ ಮೆಟ್ಟಿಲಿಲ್ಲ. ಪುತ್ತಬ್ಬ ಪಿಕಪ್ಪನ್ನು ದಿಬ್ಬದ ಮೇಲಿನ ಅಂಚಿಗೆ ತಂದು ನಿಲ್ಲಿಸುತ್ತಿದ್ದ. ಅದರ ಬಂಪರಿಗೆ ಹಗ್ಗದ ಒಂದು ತುದಿ, ನನ್ನ ಸೊಂಟಕ್ಕೆ ಇನ್ನೊಂದು ತುದಿ. ಬೆನ್ನಿಗೆ ಕೋಲು ಕಟ್ಟಿಕೊಂಡು ನಾನು ಇಳಿಯಬೇಕು. ಬಂಡೆ ಎಂದರೆ ಹೆಸರಿಗೆ ಬಂಡೆ. ಕಾಲಿಟ್ಟಲ್ಲಿ ಹುಡಿಯಾಗುತ್ತಿತ್ತು.

"ಪಡಚ್ಚೋನೇ, ಮೆಲ್ಲ ಇಳಿ ಸುಂದರಣ್ಣ," ಎಂದು ಮೇಲಿನಿಂದ ಪುತ್ತಬ್ಬ ಕೂಗುತ್ತಿದ್ದ. ಉಳ್ಳಾಲದ ಬ್ಯಾರಿ ಅವನು, ದೇವರನ್ನು ಕರೆಯುವುದು ಹಾಗೆ. ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಅವನೊಬ್ಬನೇ. ಕೆಳಗೆ, ಎದುರು ದಂಡೆಯಲ್ಲಿ, ಛತ್ರಿಯ ನೆರಳಿನಲ್ಲಿ ಜಯಕರ ಸರ್ ಯಂತ್ರ ಇಟ್ಟುಕೊಂಡು ಕೈ ಬೀಸುತ್ತಿದ್ದರು.

ಮೂರನೇ ಕೋಣೆಯ ಗೋಡೆಗೆ ಮಣ್ಣು ಮೆತ್ತಿದ್ದರು. ಮೆತ್ತಿದವನು ಕೆಲಸ ಮುಗಿಸಿ ಕೊನೆಗೆ ತನ್ನ ಕೈ ಒತ್ತಿ ಹೋಗಿದ್ದ. ಐದು ಬೆರಳು. ಕಿರುಬೆರಳು ಸ್ವಲ್ಪ ಸೊಟ್ಟ. ನಾನು ನನ್ನ ಕೈ ಅದರ ಮೇಲೆ ಇಟ್ಟೆ. ಸರಿಯಾಗಿ ಕೂತಿತು. ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ಅತ್ತುಬಿಟ್ಟೆ. ಇದು ಯಾವ ರಾಜನ ಕಾಲದ್ದು ಎಂದು ಬಂದವರೆಲ್ಲ ಕೇಳುತ್ತಿದ್ದರು. ಮಣ್ಣು ಮೆತ್ತಿದವನು ಯಾರು ಎಂದು ಒಬ್ಬನೂ ಕೇಳಿರಲಿಲ್ಲ. ನನಗೆ ಅವನ ಮೇಲೆ ಅಯ್ಯೋ ಅನ್ನಿಸಿತೋ, ನನ್ನ ಮೇಲೆಯೋ, ಹೇಳಲಾರೆ.

ಕೋಣೆಗೊಂದರಂತೆ ಏಳು ಗುರುತು ಹಾಕಬೇಕಿತ್ತು. ಉಳಿಯಿಂದ ಕಲ್ಲಿನಲ್ಲಿ ಒಂದು ಸಣ್ಣ ಬಾಣ ಕೊರೆಯುವುದು. ಮುಂದೆ ಯಾರೇ ಅಳೆದರೂ ಅಲ್ಲೇ ಕೋಲು ನಿಲ್ಲಿಸಬೇಕು. ಹಾಗಾಗಿ ಒಂದು ನಿಯಮವಿದೆ. ಗುರುತು ಕೊರೆದ ಮೇಲೆ ಸರ್ವೇಯರ್ ತಾನೇ ಅಲ್ಲಿಗೆ ಹೋಗಿ, ಕಣ್ಣಾರೆ ನೋಡಿ, ಅದು ಯಾವ ಮೂಲೆಯಲ್ಲಿ, ಯಾವುದರಿಂದ ಎಷ್ಟು ದೂರ ಎಂದು ಪುಸ್ತಕದಲ್ಲಿ ಚಿತ್ರ ಸಮೇತ ಬರೆದು ಸಹಿ ಹಾಕಬೇಕು. ಜಯಕರ ಸರ್ ಹಗ್ಗ ಕಟ್ಟಿಕೊಂಡು ಇಳಿಯುವುದುಂಟೇ?

"ಎಲ್ಲಿ ಕೊರೆದದ್ದು?" ಎಂದು ಕೆಳಗಿನಿಂದ ಕೂಗುತ್ತಿದ್ದರು.

"ಮೂರನೇ ಕೋಣೆ ಸರ್. ಗೋಡೆಯಲ್ಲಿ ಒಂದು ಕೈ ಉಂಟು, ಅದರಿಂದ ಒಂದು ಗೇಣು..."

"ಸಾಕು, ಸಾಕು. ಬರ್ದಾಯ್ತು."

ಮೇ ತಿಂಗಳಿಗೆ ಹೋಗುವ ಅಳತೆ ಮುಗಿಯಿತು. ಮೊದಲ ಗುರುತಿನಿಂದ ಏಳನೆಯ ತನಕ. ತಪ್ಪಿದೆಯೇ ಎಂದು ನೋಡಲು ಏಳರಿಂದ ಒಂದಕ್ಕೆ ವಾಪಸು ಅಳೆಯುತ್ತಾ ಬರಬೇಕು. ಆಗಲೇ ನಕ್ಷೆ ಪಕ್ಕಾ. ಬಿಸಿಲು ಜಾಸ್ತಿಯಾಯಿತು, ಬರುವ ಅಳತೆಯನ್ನು ಸೆಪ್ಟೆಂಬರಿಗೆ ಇಟ್ಟುಕೊಳ್ಳೋಣ ಎಂದರು.

ಜುಲೈಯಲ್ಲಿ ಸಬ್ಹಾನಿನ ಆಫೀಸಿನಲ್ಲಿ ಯೂಜಿನ್ ಆ ನಕ್ಷೆಯ ಕರಡು ಬರೆಯುತ್ತಿದ್ದ. ಏಳು ಕೋಣೆಗಳನ್ನೂ ಚಂದ ಬಿಡಿಸಿದ್ದ. ಕೆಳಗಿನ ಮೂಲೆಯಲ್ಲಿ ಏನೋ ಬರೆದಿತ್ತು. ಕೇಳಿದೆ.

"ಸರ್ವೇ ಮಾಡಿದವ್ರು ಜಯಕರ. ನಕ್ಷೆ ನಾನು. ಚೆಕ್ ಮಾಡಿದ್ದು ಸಾಹೇಬ," ಎಂದ ಯೂಜಿನ್.

"ನನ್ನ ಹೆಸ್ರು?"

ಅವನು ಪೆನ್ನು ಕೆಳಗಿಟ್ಟ. ಒಳ್ಳೆಯ ಮನುಷ್ಯ, ಆದರೆ ಹೆದರುಪುಕ್ಕಲ. "ಕೋಲು ಹಿಡಿಯುವವ್ರದ್ದು ಎಲ್ಲಿಯೂ ಹಾಕುದಿಲ್ಲ ಮಾರಾಯ. ನಾನು ಹಾಕಿದ್ರೆ ನನ್ನ ಕೆಲಸ ಖಲಾಸ್."

ಜಯಕರ ಸರ್ ಹಿಂದೆಯೇ ನಿಂತಿದ್ದರು. ಜೋರಾಗಿ ನಕ್ಕರು. ಆಫೀಸಿನ ಎಲ್ಲರೂ ತಿರುಗಿ ನೋಡಿದರು.

"ಕೋಲು ಹಿಡಿದವನ ಹೆಸ್ರು ಹಾಕಿದ್ರೆ ನಾಳೆ ಕೋಲಿನ ಹೆಸ್ರೂ ಹಾಕ್ಬೇಕು. ನಾಡಿದ್ದು ಹಗ್ಗದ ಹೆಸ್ರು. ಆಮೇಲೆ ಪಿಕಪ್ಪಿನ ಹೆಸ್ರು. ನಡಿ ನಡಿ, ಯಂತ್ರದ ಪೆಟ್ಟಿಗೆ ಒರೆಸು."

ಎಲ್ಲರೂ ನಕ್ಕರು. ನಾನು ಪೆಟ್ಟಿಗೆ ಒರೆಸಿದೆ. ಸಿಟ್ಟು ಬಂದಾಗ ಬಾಯಿ ಬಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಅದನ್ನು ಯಾರು ಬಿಡಿಸಿದ್ದು ಎಂದು ನಾನು ಹೇಳಬೇಕಾಗಿಲ್ಲ.

ಆಗಸ್ಟ್ ಎರಡಕ್ಕೆ ಇರಾಕಿನ ಸೈನ್ಯ ಬಂತು. ಒಂದೇ ವಾರದಲ್ಲಿ ಜಯಕರ ಸರ್ ಫರ್ವಾನಿಯಾದ ಫ್ಲ್ಯಾಟಿಗೆ ಬೀಗ ಹಾಕಿ, ಕಂಪೆನಿಯ ಕಾರಿನಲ್ಲಿ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೊರಟುಹೋದರು. ಸಬ್ಹಾನಿನ ಕ್ಯಾಂಪಿನಲ್ಲಿ ನಾವು ಮೂವತ್ತು ಜನ ಇದ್ದೇವೆ ಎಂದು ಯಾರಿಗೂ ನೆನಪಾಗಲಿಲ್ಲ. ಆಫೀಸನ್ನು ಲೂಟಿ ಮಾಡಿದರು. ಏಸಿ ಹೋಯಿತು, ಕುರ್ಚಿ ಹೋಯಿತು, ಕಾಗದವೆಲ್ಲ ನೆಲದ ಮೇಲೆ. ಅದರ ನಡುವೆ ಅಳತೆಯ ಆ ಪುಸ್ತಕ ಬಿದ್ದಿತ್ತು, ಯಾರದೋ ಬೂಟಿನ ಅಚ್ಚು ಹೊತ್ತುಕೊಂಡು. ನಾನು ಅದನ್ನು ಎತ್ತಿ ಲುಂಗಿಯಲ್ಲಿ ಸುತ್ತಿದೆ. ಯಾಕೆ ಎಂದು ಆಮೇಲೆ ವಾರಿಜಾ ಕೂಡ ಕೇಳಿದಳು. ನನ್ನ ಹೆಂಡತಿ ಅವಳು. ಬಂಗಾರ ತರುವ ಬದಲು ಪುಸ್ತಕ ತಂದಿರಾ ಎಂದಳು. ಅದರಲ್ಲಿದ್ದ ಒಂದೊಂದು ಅಂಕಿಗೂ ನಾನು ಬಿಸಿಲಲ್ಲಿ ನಿಂತಿದ್ದೆ. ಬಿಟ್ಟು ಬರಲು ಮನಸ್ಸಾಗಲಿಲ್ಲ.

ಇರಾಕ್ ದಾಟಿ, ಜೋರ್ಡಾನಿನ ಗಡಿಯ ಡೇರೆಯಲ್ಲಿ ಹನ್ನೊಂದು ದಿನ ಬಿದ್ದುಕೊಂಡಿದ್ದೆವು. ಒಂದು ಬ್ರೆಡ್ಡಿಗೆ ನೂರು ಕೈ. ಮಾಡಲು ಕೆಲಸವಿಲ್ಲದೆ ನಾನು ಪುಸ್ತಕ ಬಿಡಿಸಿದೆ. ಎಂಟನೇ ಕ್ಲಾಸಿನ ಇಂಗ್ಲಿಷು ನನ್ನದು, ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ಗುರುತು ಎಲ್ಲಿದೆ ಎಂದು ಬರೆಯಬೇಕಾದ ಕಡೆ ಚಿತ್ರವಿರಲಿಲ್ಲ. ಇಂಗ್ಲಿಷಿನ ಮೂರೇ ಪದ. ಕೋಲಿನವನಿಗೆ ಗೊತ್ತು. ಮುಂದಿನ ಪುಟದಲ್ಲೂ ಅದೇ. ಏಳು ಪುಟದಲ್ಲಿ ಏಳು ಸಲ. ಪ್ರತಿಯೊಂದರ ಕೆಳಗೂ, ನಾನು ಖುದ್ದಾಗಿ ನೋಡಿದ್ದೇನೆ ಎಂಬ ಅಚ್ಚಿನ ಸಾಲು, ಅದಕ್ಕೆ ಜಯಕರ ಎಂಬ ಸಹಿ.

ಸುಂದರನಿಗೆ ಗೊತ್ತು ಎಂದು ಒಂದು ಸಲವಾದರೂ ಬರೆದಿದ್ದರೆ ಅವರ ಕೈ ಕಡಿದುಹೋಗುತ್ತಿತ್ತೇ?

ಯುದ್ಧ ಮುಗಿದ ಮೇಲೆ ಊರಿನಿಂದ ಕಂಪೆನಿಗೆ ಕಾಗದ ಬರೆದು ಪುಸ್ತಕ ನನ್ನ ಹತ್ತಿರ ಇದೆ ಎಂದೆ. ತೊಂಬತ್ತೊಂದರ ಸೆಪ್ಟೆಂಬರಿನಲ್ಲಿ ವೀಸಾ ಬಂತು. ಊರಿನಲ್ಲಿ ನನಗೆ ಕೆಲಸವಿರಲಿಲ್ಲ. ಮಗಳು ನವ್ಯಶ್ರೀ ನಾಲ್ಕನೇ ಕ್ಲಾಸು. ಹೊರಡುವಾಗ ವಾರಿಜಾ ಹೇಳಿದ್ದು ಒಂದೇ ಮಾತು. "ಸೈನ್ಯದವ್ರು ಇದ್ದ ಜಾಗಕ್ಕೆ ಹೋಗ್ಬೇಡಿ. ಕೆಲಸ ಹೋದ್ರೆ ಹೋಗ್ಲಿ." ಏರ್‌ಪೋರ್ಟಿನಲ್ಲೇ ನನ್ನ ಪಾಸ್‌ಪೋರ್ಟನ್ನು ವೀಸಾ ಕೊಟ್ಟ ಅರಬ್ಬಿ ಕಫೀಲನ ಮನುಷ್ಯ ತೆಗೆದುಕೊಂಡ. ಪುಸ್ತಕವನ್ನು ಮೊದಲೇ ವಾಪಸು ಬಂದಿದ್ದ ಜಯಕರ ಸರ್ ತೆಗೆದುಕೊಂಡರು. ನನ್ನ ಕಾಗದ ತಲುಪಿದ್ದೂ ಅವರ ಕೈಗೇ. ಯುದ್ಧದ ನಡುವೆಯೂ ತಾನೇ ಅದನ್ನು ಕಾಪಾಡಿದ್ದಾಗಿ ಅವರು ಸಾಹೇಬನಿಗೆ ಹೇಳಿದರಂತೆ. ಸಾಹೇಬ ಕೈ ಕುಲುಕಿದನಂತೆ.

ಅಕ್ಟೋಬರಿನ ಒಂದು ಬೆಳಿಗ್ಗೆ ಬರುವ ಅಳತೆಗೆ ಹೊರಟೆವು. ಪಿಕಪ್ಪಿನ ಮುಂದೆ ಪುತ್ತಬ್ಬ, ಜಯಕರ ಸರ್, ಹಿಂದೆ ತೆರೆದ ಡಬ್ಬಿಯಲ್ಲಿ ನಾನು ಮತ್ತು ಕೋಲು. ಉತ್ತರದ ಎಣ್ಣೆಬಾವಿಗಳು ಇನ್ನೂ ಉರಿಯುತ್ತಿದ್ದವು. ಹತ್ತು ಗಂಟೆಗೂ ಸೂರ್ಯ ಮಂಕು. ಉಗುಳಿದರೆ ಕಪ್ಪು.

ದಿಬ್ಬದ ಮೇಲೆಲ್ಲ ಸೈನಿಕರು ಕಂದಕ ತೋಡಿದ್ದರು. ಮೇಲಿನಿಂದ ಹಗ್ಗ ಇಳಿಸುವಂತಿರಲಿಲ್ಲ. ಇನ್ನು ಉಳಿದದ್ದು ಕಮರಿಯ ಒಳಗಿನ ದಾರಿ ಮಾತ್ರ, ಮುನ್ನೂರು ಹೆಜ್ಜೆ ನಡೆದು ಕೆಳಗಿನಿಂದ ಬಂಡೆ ಹಿಡಿದು ಹತ್ತುವುದು. ಕಮರಿಯ ಬಾಯಿಗೆ ಅಡ್ಡಲಾಗಿ ಕೆಂಪು ಪಟ್ಟಿ ಕಟ್ಟಿದ್ದರು. ಪಟ್ಟಿಗೆ ತಲೆಬುರುಡೆಯ ಚಿತ್ರ. ಸಿಡಿಯದೆ ಉಳಿದ ಬಾಂಬುಗಳಿವೆ ಎಂದು ಅದರ ಅರ್ಥ. ಓದು ಬಾರದವನಿಗೂ ಅರ್ಥವಾಗಲಿ ಎಂದೇ ಅವರು ಚಿತ್ರ ಹಾಕುವುದು.

ಪುತ್ತಬ್ಬ ನನ್ನ ಕಿವಿಯ ಹತ್ತಿರ ಬಂದ. "ಹೋದ ವಾರ ಇಲ್ಲಿ ಒಬ್ಬ ಕುರಿ ಮೇಯಿಸುವವ್ನ ಕಾಲು ಹೋಗಿದೆ ಸುಂದರಣ್ಣ. ಹೋಗ್ಬೇಡ."

ಜಯಕರ ಸರ್ ರಸ್ತೆಯ ಬದಿಯಲ್ಲಿ ಯಂತ್ರ ನಿಲ್ಲಿಸುತ್ತಿದ್ದರು. "ಏ ಕೋಲು, ಎಂತ ನೋಡ್ತಿ? ದಾರಿ ಗೊತ್ತುಂಟಲ್ಲ. ಹೋಗು."

"ಪಟ್ಟಿ ಕಟ್ಟಿದ್ದಾರೆ ಸರ್. ಬಾಂಬು ತೆಗೆಯುವವ್ರು ಬಂದ ಮೇಲೆ ಹೋಗುವ."

"ಅವ್ರು ಬರ್ಲಿಕ್ಕೆ ಒಂದೂವರೆ ತಿಂಗಳು. ನಾನು ಸಾಹೇಬರಿಗೆ ಗುರುವಾರ ಅಂತ ಹೇಳಿ ಆಗಿದೆ."

"ಹಾಗಾದ್ರೆ ನೀವೂ ಬನ್ನಿ ಸರ್. ನನ್ನ ಹಿಂದೆಯೇ ಬನ್ನಿ. ಗುರುತು ತೋರಿಸ್ತೇನೆ, ಬರ್ಕೊಳ್ಳಿ."

ಅವರ ಮುಖ ಕೆಂಪಾಯಿತು. "ನಾನು ಬಂದ್ರೆ ಯಂತ್ರ ಯಾರು ನೋಡುದು? ನಿನ್ನ ಅಜ್ಜನಾ? ನಿಮ್ಮವ್ರು ಬರಿಗಾಲಲ್ಲಿ ಹಾವಿನ ಮೇಲೆ ನಡೆದವ್ರು, ನಿಂಗೆ ಎಂತ ಆಗುದಿಲ್ಲ. ಹೋಗುದಿಲ್ವಾ? ಇಲ್ಲಿ ಇರುವ ಪರ್ಮಿಟ್ಟು, ಇಕಾಮಾ, ಕ್ಯಾನ್ಸಲ್. ನಾಳೆಯೇ ವಿಮಾನ. ಯಲ್ಲಾ!"

ನಾನು ಹೋದೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಹೋದೆ. ವಾರಿಜಾಳ ಮಾತು ಕಿವಿಯಲ್ಲಿತ್ತು. ನವ್ಯಶ್ರೀಯ ಮುಖ ಕಣ್ಣೆದುರು ಇತ್ತು. ಆದರೂ ಕಾಲು ತಾನಾಗಿ ಪಟ್ಟಿಯ ಕೆಳಗೆ ನುಸುಳಿತು. "ಹೋಗು" ಎಂದರೆ ಹೋಗುವ ಕಾಲು ಅದು. ಅಪ್ಪನದ್ದೂ ಅದೇ ಕಾಲು.

ನೆಲ ನೋಡಿ ನೋಡಿ ಕಾಲಿಟ್ಟೆ. ಗಟ್ಟಿ ಕಲ್ಲಿದ್ದ ಕಡೆ ಮಾತ್ರ. ನಲವತ್ತು ಹೆಜ್ಜೆಗೆ ಮೊದಲ ಸಲ ಕೋಲು ನಿಲ್ಲಿಸಿದೆ. ಕೋಲು ಅಲುಗುತ್ತಿತ್ತು. ನೆಟ್ಟಗೆ ಹಿಡಿ ಎಂದು ದೂರದಿಂದ ಸನ್ನೆ ಬಂತು.

ಆಮೇಲೆ ಅವರು ಒಂದು ಕೈಯನ್ನು ಬಂಡೆಯ ಕಡೆಗೆ ಚಾಚಿದರು. ಬಂಡೆಯ ಕಡೆ ಎರಡು ಹೆಜ್ಜೆ ಸರಿ ಎಂದರ್ಥ.

ನೋಡಿದೆ. ಎರಡು ಹೆಜ್ಜೆಯ ಆಚೆ ಒಂದು ಹಳದಿ ಡಬ್ಬಿ ಮರಳಿನಲ್ಲಿ ಅರ್ಧ ಹೂತಿತ್ತು. ಜ್ಯೂಸಿನ ಡಬ್ಬಿಯಷ್ಟೇ. ಅದರ ಬಾಲಕ್ಕೆ ಬಟ್ಟೆಯ ತುಂಡು. ಅದರ ಹಿಂದೆ ಇನ್ನೊಂದು. ಇನ್ನೂ ಒಂದು.

ನಾನು ತಲೆ ಆಡಿಸಿದೆ. ಅವರು ಮತ್ತೆ ಕೈ ಚಾಚಿದರು. ಬಾಂಬು ಎಂದು ಕೂಗಿದೆ. ಕೇಳಿಸಿರಬೇಕು, ಪುತ್ತಬ್ಬ ತಲೆಗೆ ಕೈ ಹೊತ್ತುಕೊಂಡದ್ದು ನನಗೆ ಕಂಡಿತು. ಜಯಕರ ಸರ್ ದುರ್ಬೀನಿನಿಂದ ಕಣ್ಣು ತೆಗೆಯಲಿಲ್ಲ. ಅವರಿಗೆ ಅದರಲ್ಲಿ ಕಾಣುವುದು ಕೋಲು ಮಾತ್ರ. ಕೈ ಮೂರನೇ ಸಲ ಬಂಡೆಯ ಕಡೆ ಚಾಚಿತು.

ನಾನು ಕೋಲನ್ನು ಮಲಗಿಸಿದೆ.

ಎಸೆಯಲಿಲ್ಲ. ಮೆಲ್ಲನೆ, ಎರಡೂ ಕೈಯಿಂದ, ನಾನು ನಿಂತಿದ್ದ ಕಲ್ಲಿನ ಮೇಲೆ ಇಟ್ಟೆ. ಹದಿಮೂರು ವರ್ಷದಲ್ಲಿ ಮೊದಲ ಸಲ ಎರಡು ಕೈಯೂ ಖಾಲಿ. ನನ್ನದೇ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ವಾಪಸು ಬಂದೆ. ನಲವತ್ತು ಹೆಜ್ಜೆ. ಪಟ್ಟಿ ದಾಟಿದೆ. ನೇರ ಯಂತ್ರದ ಹತ್ತಿರ ನಡೆದೆ.

"ಕೋಲು ಎಲ್ಲಿ? ಎಲ್ಲಿ ಬಿಟ್ಟು ಬಂದದ್ದು ಬೇವರ್ಸಿ?"

"ಅಲ್ಲೇ ಉಂಟು. ನೀವು ಹೋಗಿ ಹಿಡೀರಿ. ಯಂತ್ರ ನಾನು ನೋಡ್ತೇನೆ."

ಹೊಡೆಯಲು ಕೈ ಎತ್ತಿದರು. ಪುತ್ತಬ್ಬ ಮಧ್ಯೆ ಬಂದ. "ಕೈ ಇಳಿಸಿ ಸರ್," ಎಂದ, ಅಷ್ಟೇ. ಅವನ ಗಾತ್ರ ನೋಡಿ ಕೈ ಇಳಿಯಿತು. "ನಾನೇ ತರ್ತೇನೆ. ಹೆದ್ರುಪುಕ್ಕಲ ನಾಯಿಗಳು," ಎನ್ನುತ್ತಾ ಅವರು ದಾಪುಗಾಲು ಹಾಕಿದರು.

ನಾನು ಯಂತ್ರ ಮುಟ್ಟಿದೆ. ಬಗ್ಗಿ ದುರ್ಬೀನಿಗೆ ಕಣ್ಣಿಟ್ಟೆ. ಪುತ್ತಬ್ಬ ಹೇಳಿದ್ದು ನಿಜ. ಕೆಂಪು ಪಟ್ಟಿಯ ಈಚೆ ಜಯಕರ ಸರ್ ತಲೆಕೆಳಗಾಗಿ ನಿಂತಿದ್ದರು. ಒಂದು ಕಾಲು ಎತ್ತಿದರು, ಇಳಿಸಿದರು. ಪಟ್ಟಿಯನ್ನು ಕೈಯಲ್ಲಿ ಹಿಡಿದರು, ಬಿಟ್ಟರು. ನಾನು ಎದ್ದು ನಿಂತು ಒಂದು ಕೈಯನ್ನು ಬಂಡೆಯ ಕಡೆಗೆ ಚಾಚಿದೆ. ಅವರು ನೋಡಿದರು. ಅಲುಗಲಿಲ್ಲ. ಆ ಮಂಕು ಬಿಸಿಲಿನಲ್ಲಿ ಬಹಳ ಹೊತ್ತು ಹಾಗೆಯೇ ನಿಂತಿದ್ದರು. ನಾನು ಕ್ಯಾನಿನ ಮುಚ್ಚಳದಲ್ಲಿ ನೀರು ಕುಡಿದೆ.

ಮರುದಿನ ಬೆಳಿಗ್ಗೆ ಸಬ್ಹಾನಿನ ಆಫೀಸಿನಲ್ಲಿ ನಾನು ಮೊದಲೇ ಹೇಳಿದ ಕಾಗದ ಕೊಟ್ಟರು. ಯೂಜಿನ್ ಓದಿ ಹೇಳುವಾಗ ಅವನ ಕಣ್ಣು ತುಂಬಿತ್ತು. ಹೊರಡಲು ಎದ್ದವನನ್ನು ಸಾಹೇಬ ಒಳಗೆ ಕರೆದ. ಜಯಕರ ಸರ್ ಅಲ್ಲೇ ನಿಂತಿದ್ದರು. ಮೇಜಿನ ಮೇಲೆ ಪುಸ್ತಕ ತೆರೆದಿತ್ತು.

ವಿಷಯ ಇಷ್ಟು. ಬಾಂಬು ತೆಗೆಯುವವರು ಸಾಹೇಬನಿಗೆ ಫೋನು ಮಾಡಿದ್ದರು. ಏಳು ಗುರುತು ಎಲ್ಲೆಲ್ಲಿವೆ ಎಂದು ಸರಿಯಾಗಿ ಬರೆದುಕೊಟ್ಟರೆ, ಅಲ್ಲಿಗೆ ಹೋಗುವ ದಾರಿಯನ್ನಷ್ಟೇ ಬೇಗ ತೆರವು ಮಾಡಿಕೊಡುತ್ತೇವೆ ಎಂದಿದ್ದರು. ಸಾಹೇಬ ಬರೆದುಕೊಡಲು ಪುಸ್ತಕ ಬಿಡಿಸಿದ್ದ. ಕೋಲಿನವನಿಗೆ ಗೊತ್ತು. ಪುಟ ತಿರುಗಿಸಿದ. ಕೋಲಿನವನಿಗೆ ಗೊತ್ತು.

"ಖುದ್ದಾಗಿ ನೋಡಿದ್ದೇನೆ ಅಂತ ಸಹಿ ನಿನ್ನದೇ ಅಲ್ಲವೇ?" ಎಂದು ಅವನು ಇಂಗ್ಲಿಷಿನಲ್ಲಿ ಜಯಕರ ಸರ್ ಅವರನ್ನು ಕೇಳಿದ. "ಹಾಗಾದರೆ ಹೇಳು. ಮೂರನೇ ಕೋಣೆಯ ಗುರುತು ಎಲ್ಲಿದೆ?"

ಜಯಕರ ಸರ್ ಏಸಿಯ ಕೆಳಗೆ ನಿಂತು ಬೆವರಿದರು. ನನ್ನ ಕಡೆ ತಿರುಗಿ, ಸಾಹೇಬನಿಗೆ ತಿಳಿಯದಂತೆ ತುಳುವಿನಲ್ಲಿ ಹೇಳಿದರು. "ಸುಂದರ, ಹೇಳು ಮಾರಾಯ. ಆ ಕಾಗದ ಹರಿದು ಹಾಕಿಸ್ತೇನೆ. ಸುಂದರ..."

ಹದಿಮೂರು ವರ್ಷದಲ್ಲಿ ಮೊದಲ ಸಲ. ಹೆಸರು ಅವರಿಗೆ ಗೊತ್ತಿತ್ತು. ಇಷ್ಟು ದಿನವೂ ಗೊತ್ತಿತ್ತು. ನನಗೆ ನಿಜವಾಗಿ ಸಿಟ್ಟು ಬಂದದ್ದು ಆಗ.

ನಾನು ಸಾಹೇಬನನ್ನು ನೋಡಿ ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ. ಹೇಳುತ್ತೇನೆ. ನಕ್ಷೆಯಲ್ಲಿ ನನ್ನ ಹೆಸರು ಬರೆಯುತ್ತೀರಾ? ಅವನು ಕೆಟ್ಟವನಲ್ಲ. ನಗುತ್ತಲೇ ತಲೆ ಅಲ್ಲಾಡಿಸಿದ. ಕೋಲಿನವರ ಹೆಸರು ಹಾಕುವ ಪದ್ಧತಿ ಇಲ್ಲ ಎಂದ.

ಏಳು ಕೋಣೆಗಳೂ ನನ್ನ ಕಣ್ಣ ಮುಂದೆ ಇದ್ದವು. ಗೋಡೆಯ ಮೇಲಿನ ಕೈ, ಅದರಿಂದ ಒಂದು ಗೇಣು ಕೆಳಗೆ ನಾನು ಕೊರೆದ ಬಾಣ. ಬಾಯಿ ಬಿಟ್ಟಿದ್ದರೆ ಕೆಲಸ ಉಳಿಯುತ್ತಿತ್ತು. ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡೆ.

"ಕೋಲಿಗೆ ಎಲ್ಲ ಗೊತ್ತುಂಟು ಸರ್," ಎಂದೆ ಜಯಕರ ಸರ್ ಮುಖ ನೋಡಿ. "ಪಟ್ಟಿಯಿಂದ ನಲವತ್ತು ಹೆಜ್ಜೆ ಒಳಗೆ ಮಲಗಿದೆ. ಹೋಗಿ ಅದನ್ನೇ ಕೇಳಿ."